ಬಾಣಂತಿಯ ದೇಹ ಮತ್ತು ಆತ್ಮದಯೆ: ವಿಜಯಪುರ ಸೀಮೆಯ ನಾಲ್ಕು ತಾಲೂಕುಗಳನ್ನು ಕುರಿತು

ಹೆತ್ತ ಹೆಣ್ಣಿನ ದೇಹವನ್ನು ಸಮಾಜವು ಯಾವ ಕಣ್ಣಿನಿಂದ ನೋಡುತ್ತ ಬಂದಿದೆಯೆಂಬುದು ವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಮಾತ್ರವೇ ಸೇರಿದ ಪ್ರಶ್ನೆಯೆಂದು ಇತಿಹಾಸದ ಅಭ್ಯಾಸಿಗಳಾದ ನಾವು ಕೈಬಿಡುವುದು ಉಚಿತವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಂತೂ ಅದಕ್ಕೆ ಎಂಟು ಶತಮಾನಗಳಿಗೂ ಮಿಕ್ಕ ಹಿನ್ನೆಲೆಯುಂಟು. (ಇವುಗಳಿಂದ ಈಚೆಗೆ ಚಡಚಣ, ತಾಳಿಕೋಟಿ ಮೊದಲಾದ ಹೊಸ ತಾಲೂಕುಗಳು ಒಡೆದಿವೆ; ನಾವು ಹಳೆಯ ಎಲ್ಲೆಯನ್ನೇ ಇಟ್ಟುಕೊಂಡಿದ್ದೇವೆ.) ಬಾಗೇವಾಡಿಯು ಬಸವಣ್ಣನವರ ಹುಟ್ಟೂರೆಂದು ಪ್ರಸಿದ್ಧವಾದುದು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದರು. ಹೆತ್ತವಳು ಮೈಲಿಗೆಯವಳೆಂಬ ಭಾವನೆಯ ಬುಡಕ್ಕೇ ಬಿದ್ದ ಪೆಟ್ಟು ಅದು. ಆದರೆ ನಾಚಿಕೆಯು ಅಳಿಯಲಿಲ್ಲ, ವೇಷ ಬದಲಿಸಿತು. ಅಂದು ಮೈಲಿಗೆಯೆಂದು ಕುಗ್ಗಿಸಿದ ದೇಹವನ್ನು ಇಂದು ಆಕಾರಗೆಟ್ಟಿತೆಂದು ಕುಗ್ಗಿಸಲಾಗುತ್ತಿದೆ.

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ಈ ಸೀಮೆಯ ರೂಢಿ. ಹೊರಸಿನ ಕೆಳಗೆ ಕೆಂಡ, ಮೈಗೆ ಎಣ್ಣೆ, ಬಿಸಿನೀರಿನ ಎರೆತ, ಹೊಟ್ಟೆಗೆ ಬಿಗಿದು ಸುತ್ತಿದ ಹಳೆಯ ಸೀರೆ, ಅಂಟಿನ ಉಂಡಿ, ಅಳವಿಯ ಪಾಯಸ ಇವೆಲ್ಲ ಬಾಣಂತನದ ಅಂಗಗಳು. ಈ ಉಪಚಾರದಲ್ಲೊಂದು ಹಿರಿದಾದ ಗುಣವಿದೆ: ಬಳಲಿದವಳಿಗೆ ಬಳಲುವ ಹಕ್ಕನ್ನು ಅದು ಕೊಡುತ್ತದೆ, ಮಲಗಿದವಳನ್ನು ಯಾರೂ ಮೈಗಳ್ಳಿ ಎನ್ನರು. ಆದರೆ ಈ ಆರೈಕೆಯು ಬಹುಮಟ್ಟಿಗೆ ಹಾಲಿಗಾಗಿ, ಕೂಸಿಗಾಗಿ, ಮುಂದೆ ದುಡಿಯಬೇಕಾದ ನಡುವಿಗಾಗಿ. ತನ್ನ ದೇಹವನ್ನು ಆಕೆ ಹೇಗೆ ಕಾಣುವಳೆಂದು ಕೇಳುವವರಿಲ್ಲ. ನೋಡಲು ಬಂದವರು ಕೂಸಿಗೆ ದೃಷ್ಟಿ ತೆಗೆದು, ತಾಯಿಗೆ ಮಾತ್ರ “ಯವ್ವಾ, ಹೊಟ್ಟಿ ಇನ್ನಾ ಇಳದಿಲ್ಲಲ್ಲ” ಎಂದು ಹೇಳಿಹೋಗುವರು. ಪ್ರೀತಿಯ ಮಾತೇ ಇರಬಹುದು. ನಾಟುವುದು ಮಾತ್ರ ತಪ್ಪದು.

ಇಳಿಯದಿರುವುದು ಪ್ರಕೃತಿಸಹಜ. ಹೆರಿಗೆಯಾದೊಡನೆ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಕೋಶವು ಸುಮಾರು 60 ಗ್ರಾಮಿಗೆ ಇಳಿಯಲು ಆರು ವಾರಗಳು ಹಿಡಿಯುತ್ತವೆ. ಹಿಗ್ಗಿದ ಚರ್ಮಕ್ಕೂ ಅಗಲಿದ ಸ್ನಾಯುಗಳಿಗೂ ಇನ್ನೂ ಹೆಚ್ಚು ಕಾಲ ಬೇಕು, ಕೆಲವರಲ್ಲಿ ಅವು ಪೂರ್ತಿಯಾಗಿ ಹಿಂದಿನಂತಾಗುವುದೇ ಇಲ್ಲ. ಸುತ್ತಿದ ಸೀರೆಯು ನಡುವಿಗೆ ಆಧಾರ ಕೊಟ್ಟೀತು, ಕನ್ಯೆಯ ಹೊಟ್ಟೆಯನ್ನು ಮರಳಿ ಕೊಡಲಾರದು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ 2020ರ ಶಿಫಾರಸಿನಂತೆ ಹಾಲೂಡುವವಳಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ಕನ್ನಡಿಗೆ ಅಂಜಿ ಊಟ ಬಿಡುವವಳು ತನಗೂ ಕೂಸಿಗೂ ಸಲ್ಲಬೇಕಾದುದನ್ನೇ ಕಳೆದುಕೊಳ್ಳುವಳು.

ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ವಿವರಿಸಿದ ತತ್ತ್ವವನ್ನು ನಾವಿಲ್ಲಿ ಆತ್ಮದಯೆಯೆಂದು ಕರೆದಿದ್ದೇವೆ. ನೊಂದ ಗೆಳತಿಗೆ ಆಡುವಂಥ ಮೆತ್ತನೆಯ ಮಾತನ್ನು ತನಗೂ ಆಡಿಕೊಳ್ಳುವುದು, ಈ ನೋವು ತನ್ನೊಬ್ಬಳದೇ ಅಲ್ಲವೆಂದು ಅರಿಯುವುದು, ದುಃಖವನ್ನು ಬಚ್ಚಿಡದೆ ಬೆಳೆಸದೆ ಇದ್ದಂತೆ ಕಾಣುವುದು ಅದರ ಲಕ್ಷಣಗಳು. ಇದು ತನ್ನನ್ನು ತಾನೇ ಮರುಗಿಕೊಳ್ಳುವ ದೈನ್ಯವಲ್ಲ. ಎರಡನೆಯ ಲಕ್ಷಣವನ್ನು ನಮ್ಮ ಬಾಣಂತನವು ಹೆಸರಿಡದೆಯೇ ಪಾಲಿಸುತ್ತ ಬಂದಿದೆ: ಎರೆಯುವ ಅಜ್ಜಿಯೂ ಹಿಂದೊಮ್ಮೆ ಎರೆಯಿಸಿಕೊಂಡವಳೇ, ಆಕೆಯ ಹೊಟ್ಟೆಯಲ್ಲಿಯೂ ಅವೇ ಗೆರೆಗಳು.

ಆದರೆ ಈ ಎರೆತವೇ ಎಲ್ಲರಿಗೂ ದೊರೆಯದು. ಈ ಸೀಮೆಯ ಬಡ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಕೂಲಿಗೆ ಗೋವೆಗೂ ಗುಳೆ ಹೋಗುವುದುಂಟು. ಕೂಸನ್ನು ಜೋಳಿಗೆಯಲ್ಲಿ ಮಲಗಿಸಿ ಕೆಲಸಕ್ಕೆ ಬಾಗುವವಳಿಗೆ ದೇಹದ ಚಿಂತೆಯೆಂದರೆ ಅಂದದ ಚಿಂತೆಯಲ್ಲ; ಮೊದಲಿನಷ್ಟು ಹೊರೆ ಎತ್ತಲಾರೆನೆಂಬ ಅಪರಾಧಭಾವ. ಪಟ್ಟಣದ ಕನ್ನಡಿಯನ್ನಷ್ಟೇ ನೋಡಿ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಬೇಕೆಂಬ ನಿಯಮವಿದೆ. ಕೂಸಿನ ತೂಕ, ತಾಯಿಯ ರಕ್ತಸ್ರಾವ, ಜ್ವರ ಇವುಗಳ ವಿಚಾರಣೆ ನಡೆಯುತ್ತದೆ. ಹೆರಿಗೆಯ ಅನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆಗಳಲ್ಲಿ ಮೂರನೆಯದು ವೃಥಾ ಆತ್ಮನಿಂದೆಯನ್ನು ಕುರಿತದ್ದು. ದೇಹವನ್ನು ಕುರಿತು ಒಂದೂ ಇಲ್ಲ. ಈ ತಾಲೂಕುಗಳ ಕಾಲೇಜುಗಳಲ್ಲಿ ಗೃಹವಿಜ್ಞಾನ, ಸಮಾಜಶಾಸ್ತ್ರ, ಇತಿಹಾಸಗಳನ್ನು ಓದುವ ವಿದ್ಯಾರ್ಥಿನಿಯರು ತಮ್ಮ ಮನೆಯ ಬಾಣಂತಿಯರನ್ನು ಆ ಹನ್ನೊಂದನೆಯ ಪ್ರಶ್ನೆಯನ್ನು ಕೇಳಿ, ಬಂದ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದಿಡಬಹುದು.