ಹಾಡಿಗೊಂದು ದಾರಿ, ಕರೆಂಟಿಗೊಂದು ದಾರಿ

ಹಳೆಯ ವಾಲ್ವ್ ರೇಡಿಯೊ ಬಿಚ್ಚಿ ನೋಡಿದವರಿಗೆ ಸ್ಪೀಕರಿನ ಪಕ್ಕದ ಪುಟ್ಟ ಟ್ರಾನ್ಸ್‌ಫಾರ್ಮರ್ ನೆನಪಿರಬಹುದು. ನಮ್ಮ ಬಿಇಎಲ್ ತಯಾರಿಸುತ್ತಿದ್ದ ಇಎಲ್84 ಇರಲಿ, ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹೆಸರಾಂತ 300ಬಿ ಇರಲಿ, ವಾಲ್ವಿನದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. ಸ್ಪೀಕರಿಗೆ ಬೇಕಾದದ್ದು ತದ್ವಿರುದ್ಧ. ಇಬ್ಬರನ್ನೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 3,000 ಓಮ್ ಬೇಡುವ ವಾಲ್ವಿಗೆ 8 ಓಮಿನ ಸ್ಪೀಕರ್ ಜೋಡಿಸಬೇಕಾದರೆ, ಪ್ರೈಮರಿಯಲ್ಲಿ ಸೆಕೆಂಡರಿಯ ಸುಮಾರು 19 ಪಟ್ಟು ಸುತ್ತುಗಳಿರಬೇಕು.

ಒಂಟಿ ವಾಲ್ವಿನ ಆಂಪ್ಲಿಫೈಯರಿನಲ್ಲಿ ಈ ಸುತ್ತುಗಳ ಮೇಲೆ ಇನ್ನೊಂದು ಹೊರೆಯೂ ಬೀಳುತ್ತದೆ. ವಾಲ್ವ್ ಸದಾ ಎಳೆಯುವ ಡಿಸಿ ಕರೆಂಟು, 300ಬಿಗಾದರೆ ಸುಮಾರು 60 ಮಿಲಿಆಂಪಿಯರ್, ಪ್ರೈಮರಿಯಲ್ಲೇ ಹಾಯಬೇಕು. ಹಾಡು ಶುರುವಾಗುವ ಮೊದಲೇ ಕಬ್ಬಿಣದ ತಿರುಳು ಕಾಂತವಾಗಿ ಕೂತಿರುತ್ತದೆ. ಮೃದಂಗದ ಎಡಗೈ ಪೆಟ್ಟು ಬಂದಾಗ ಅದಕ್ಕೆ ಜಾಗವಿಲ್ಲ, ನಾದ ಒಡೆಯುತ್ತದೆ. ಅದಕ್ಕೇ ತಿರುಳಿನಲ್ಲಿ ಕಾಗದದಷ್ಟು ಸಂದು ಬಿಡುತ್ತಾರೆ. ಸಂದು ಬಿಟ್ಟರೆ ಇಂಡಕ್ಟನ್ಸ್ ಇಳಿದು ತಗ್ಗು ಸ್ವರಗಳು ಸೊರಗುತ್ತವೆ. ಸರಿಪಡಿಸಲು ತಿರುಳು ಹಿಗ್ಗಿಸಿ ಸುತ್ತು ಹೆಚ್ಚಿಸಿದರೆ ತಾರದ ಸ್ವರಗಳಿಗೆ ಏಟು.

ಪ್ಯಾರಲಲ್ ಫೀಡ್, ಬಳಸುವವರ ಬಾಯಲ್ಲಿ ಪ್ಯಾರಾಫೀಡ್, ನಾದ ದಾಟಿಸುವ, ಡಿಸಿ ಹೊರುವ ಈ ಎರಡು ಕೆಲಸಗಳನ್ನು ಬೇರ್ಪಡಿಸುತ್ತದೆ. ಡಿಸಿ ಕರೆಂಟು ಒಂದು ಚೋಕಿನ ಮೂಲಕ ವಾಲ್ವಿಗೆ ಬರುತ್ತದೆ. ಟ್ಯೂಬ್‌ಲೈಟಿನ ಚೋಕಿನ ಜಾತಿಯದೇ, ಆದರೆ ತಂತಿ ಸುತ್ತು ಬಹಳ. ಅದು ಡಿಸಿಯನ್ನು ಬಿಡುತ್ತದೆ, ನಾದವನ್ನು ತಡೆಯುತ್ತದೆ. ತಡೆದ ನಾದ ಕಂಡೆನ್ಸರಿನ ಮೂಲಕ ಟ್ರಾನ್ಸ್‌ಫಾರ್ಮರಿಗೆ ಹರಿಯುತ್ತದೆ. ಅಲ್ಲಿ ಡಿಸಿಗೆ ಪ್ರವೇಶವಿಲ್ಲ. ಹಾಗಾಗಿ ಸಂದೂ ಬೇಡ. ಗುಸ್ಟಾಫ್ ಎಲ್ಮೆನ್ 1914ರಲ್ಲಿ ಕಂಡುಕೊಂಡ ಪರ್ಮಲ್ಲಾಯ್‌ನಂಥ ನಿಕಲ್ ಬೆರಕೆಯ ತಿರುಳನ್ನೂ ಬಳಸಬಹುದು. ತುಸು ಡಿಸಿಗೇ ಸೋಲುವ ಈ ಲೋಹ ಅತಿ ಸಣ್ಣ ಕಂಪನಕ್ಕೂ ಮಿಡಿಯುತ್ತದೆ. ವೀಣೆಯ ಮೀಟು ಕರಗುವ ಕೊನೆಯ ಗಳಿಗೆಗೆ ಬೇಕಾದದ್ದು ಈ ಗುಣವೇ.

ಇದಕ್ಕೆ ಬೆಲೆಯೂ ಇದೆ. ಟ್ರಾನ್ಸ್‌ಫಾರ್ಮರ್ ಇಳಿಸಿದ ಭಾರವನ್ನು ಚೋಕು ಹೊರಬೇಕು. ಅದರ ತಿರುಳಿಗೆ ಸಂದು ತಪ್ಪದು. ಕಂಡೆನ್ಸರ್ ಚಿಕ್ಕದಾದರೆ ಪ್ರೈಮರಿಯೊಡನೆ ಅನುರಣಿಸಿ, ತಗ್ಗು ಸ್ವರಗಳಲ್ಲಿ ಇಲ್ಲದ ಉಬ್ಬು ಹುಟ್ಟಿಸುತ್ತದೆ. ಆದರೂ ಕೆಲವೇ ವಾಟಿನ ಒಂಟಿ ವಾಲ್ವಿಗೆ ಇದು ಪಡಬೇಕಾದ ಶ್ರಮವೇ ಎಂಬುದು ನನ್ನ ಅಭಿಪ್ರಾಯ.

ಕೈಯಾರೆ ಕಟ್ಟಲು ಹೊರಟವರು ಒಂದನ್ನು ಮರೆಯಬೇಡಿ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ 300 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.