ಮಳೆ ನಕ್ಷತ್ರಕ್ಕೊಂದು ಲೆಕ್ಕ

ಕೋಣಂದೂರಿನ ಕಡೆ ಗದ್ದೆಗೆ ಟಿಲ್ಲರ್ ಇಳಿಯುವುದೇ ತಡ, ಅದರ ಬೆನ್ನಿಗೆ ಬೆಳ್ಳಕ್ಕಿಗಳೂ ಇಳಿಯುತ್ತವೆ. ಹಿಂದೆ ನೇಗಿಲಿತ್ತು, ಈಗ ಟಿಲ್ಲರ್. ಹಕ್ಕಿಗೆ ಅದರ ಗೊಡವೆಯಿಲ್ಲ. ಮಗುಚಿದ ಮಣ್ಣಿನಲ್ಲಿ ಹುಳವೋ ಕಪ್ಪೆಯೋ ಏಡಿಮರಿಯೋ ಸಿಕ್ಕಿದರಾಯಿತು. "ಇವು ಮರಿ ಮಾಡೋದು ಎಲ್ಲಿ?" ಎಂದು ಕೇಳಿ ನೋಡಿ. "ಮಂಡಗದ್ದೇಲಿ ಅಲ್ದೆ ಇನ್ನೆಲ್ಲಿ ಮಾರಾಯ್ರೆ" ಎನ್ನುತ್ತಾರೆ. ಅಲ್ಲಿ ಎಷ್ಟು ಮರಿ ಮಾಡುತ್ತವೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಈ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದವರ ಕೆಲಸವನ್ನು ಪರಿಚಯಿಸುವುದೇ ಈ ಬರಹದ ಉದ್ದೇಶ. ಅದು ಹಕ್ಕಿ ನೋಡುವ ಹವ್ಯಾಸವಲ್ಲ. ಗೂಡು ಎಣಿಸುವ ದುಡಿಮೆ, ಅದೂ ಸಂಬಳವಿಲ್ಲದ್ದು.

ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹತ್ತಿದರೆ ಹೆಚ್ಚುಕಡಿಮೆ ಅರ್ಧ ದಾರಿಗೆ ಮಂಡಗದ್ದೆ. ರಸ್ತೆಯ ಮಗ್ಗುಲಲ್ಲೇ ತುಂಗೆ, ಅದರ ನಡುವೆ ಒಂದೆಕರೆಗಿಂತ ತುಸು ದೊಡ್ಡದಾದ ನಡುಗಡ್ಡೆ. ಮಳೆಗಾಲದಲ್ಲಿ ಗಡ್ಡೆ ಮುಳುಗಿ ಮರದ ತಲೆಗಳಷ್ಟೇ ಉಳಿಯುತ್ತವೆ. ಹಕ್ಕಿಗಳಿಗೆ ಬೇಕಾದದ್ದೂ ಅದೇ. ಸುತ್ತ ಕೆಂಪು ನೀರು ಸುಳಿಯುತ್ತಿದ್ದರೆ ಕಾಡುಬೆಕ್ಕೂ ಬರಲಾರದು, ಮನುಷ್ಯನೂ ಬರಲಾರ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಇರುಳು ಬಕ ಎಲ್ಲವೂ ಒಂದೇ ಮರದಲ್ಲಿ ಮಹಡಿ ಮಹಡಿಯಾಗಿ ಕಡ್ಡಿ ಅಡ್ಡಲಿಟ್ಟು ಸಂಸಾರ ಹೂಡುತ್ತವೆ. ಪಕ್ಷಿಧಾಮ ಎಂಬ ಹೆಸರು ಈಚಿನದು. ಇದನ್ನು ಹಕ್ಕಿಕೇರಿ ಎಂದರೆ ಹೆಚ್ಚು ಒಪ್ಪುತ್ತದೆ.

ಗೂಡನ್ನೇ ಏಕೆ ಎಣಿಸಬೇಕು? ಹಕ್ಕಿ ಹಾರುತ್ತದೆ, ಬೆಳಗಿದ್ದದ್ದು ಸಂಜೆ ಇರುವುದಿಲ್ಲ. ಗೂಡು ಕೂತಲ್ಲೇ ಕೂತಿರುತ್ತದೆ, ಒಂದು ಗೂಡಿಗೆ ಒಂದು ಜೋಡಿ. ಜನವರಿಯಲ್ಲಿ ಕೆರೆ ಕೆರೆ ತಿರುಗಿ ನೀರುಹಕ್ಕಿ ಎಣಿಸುವ ಏಷ್ಯಾ ಮಟ್ಟದ ಗಣತಿ 1987ರಿಂದ ನಡೆಯುತ್ತಿದೆ, ಅದರಲ್ಲಿ ನಮ್ಮವರೂ ಇದ್ದಾರೆ. ಆದರೆ ಅದು ಹೇಳುವುದು ಎಷ್ಟು ಹಕ್ಕಿ ಬದುಕಿವೆ ಎಂಬುದನ್ನು. ಮುಂದಿನ ತಲೆಮಾರು ಹುಟ್ಟುತ್ತಿದೆಯೇ ಎಂದು ತಿಳಿಯಬೇಕಾದರೆ ಮಳೆಯಲ್ಲಿ ಹೊಳೆದಂಡೆಗೇ ಬರಬೇಕು.

ಮಲೆನಾಡಿಗರ ಬಳಿ ಇದಕ್ಕೆ ಸಿದ್ಧ ಪಂಚಾಂಗವೇ ಇದೆ. ಒಂದೊಂದು ಮಳೆ ನಕ್ಷತ್ರ ಸುಮಾರು ಎರಡು ವಾರ. ನಕ್ಷತ್ರಕ್ಕೊಮ್ಮೆ ಹೋಗಿ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. ಸಣ್ಣ ಬೆಳ್ಳಕ್ಕಿ ಕಾವು ಕೂರುವುದು ಮೂರು ವಾರಕ್ಕಿಂತ ತುಸು ಹೆಚ್ಚು. ಆರಿದ್ರೆಯ ಮೊಟ್ಟೆ ಪುಷ್ಯದ ಹೊತ್ತಿಗೆ ಒಡೆಯುತ್ತದೆ. ಮರಿ ರೆಕ್ಕೆ ಬಲಿತು ಹಾರಲು ಅಲ್ಲಿಂದ ಮತ್ತೆ ಮೂರು ನಕ್ಷತ್ರ. ಎಲ್ಲ ಜೋಡಿಗಳೂ ಒಂದೇ ದಿನ ಮೊಟ್ಟೆಯಿಡುವುದಿಲ್ಲವಾದ್ದರಿಂದ ಒಂದು ಭೇಟಿಯ ಲೆಕ್ಕ ಯಾವತ್ತೂ ಕಮ್ಮಿಯೇ.

ಬೇಕಾದ ಸಾಮಾನು ಬಲು ಕಮ್ಮಿ: ಬೈನಾಕ್ಯುಲರ್, ಕೊಡೆ, ಪುಸ್ತಕ, ಪೆನ್ಸಿಲ್. ಪೆನ್ನು ಬೇಡ, ಜಡಿಮಳೆಯಲ್ಲಿ ಶಾಯಿ ಕದಡಿ ಒಂದು ವರ್ಷದ ದುಡಿಮೆ ನೀಲಿ ಮಚ್ಚೆಯಾಗುತ್ತದೆ. ಪ್ರತಿ ಸಲವೂ ದಂಡೆಯ ಅದೇ ಜಾಗದಲ್ಲಿ ನಿಲ್ಲಬೇಕು. ಮರಗಳ ಒಂದು ಒರಟು ಚಿತ್ರ ಬರೆದು ಅವಕ್ಕೆ ನಂಬರು ಹಾಕಿ, ಎಡದಿಂದ ಬಲಕ್ಕೆ ಸಾಗಬೇಕು. ಹಕ್ಕಿ ಕೂತಿರುವ, ಇಲ್ಲವೇ ಮರಿ ಕಾಣುವ ಗೂಡಷ್ಟೇ ಲೆಕ್ಕಕ್ಕೆ. ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ತಾಳೆಯಾಗದಿದ್ದರೆ ಸರಾಸರಿ ಮಾಡಿ ಮುಚ್ಚಿಡದೆ ಎರಡನ್ನೂ ಬರೆಯಬೇಕು. ದೋಣಿಯಲ್ಲಿ ಹತ್ತಿರ ಹೋಗುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ಅದನ್ನು ನುಂಗಿಕೊಳ್ಳಬೇಕು. ತಾಯಿಹಕ್ಕಿ ಎದ್ದರೆ ಕಾಗೆಗೆ ಹಬ್ಬ, ಮಳೆಗೆ ತೆರೆದುಕೊಂಡ ಮರಿಗೆ ಚಳಿ.

ಹೊಸಬರು ಎಡವುವುದು ಬಣ್ಣದಲ್ಲಿ. ಬಿಳಿ ಮರಿ ಕಂಡರೆ ಬೆಳ್ಳಕ್ಕಿಯದೆಂದು ಬರೆದುಬಿಡುತ್ತಾರೆ. ಆದರೆ ಹಾವಕ್ಕಿಯ ಮರಿಯೂ ಬಿಳಿಯೇ. ನೀರುಕಾಗೆಯದು ಮಾತ್ರ ಕಪ್ಪು. ಸಣ್ಣ ಬೆಳ್ಳಕ್ಕಿಯ ಗುರುತೆಂದು ಪುಸ್ತಕಗಳು ಹೇಳುವ ಹಳದಿ ಪಾದ ಗೂಡಿನಲ್ಲಿ ಕೂತಾಗ ಕಾಣುವುದೇ ಇಲ್ಲ. ಆಗ ನೋಡಬೇಕಾದದ್ದು ನೆತ್ತಿಯ ಹಿಂದೆ ಜೋತ ಎರಡು ಉದ್ದ ಗರಿಗಳನ್ನು. ಮರಿ ಮಾಡುವ ಕಾಲದಲ್ಲಿ ಬೆನ್ನ ಮೇಲೂ ಇಂಥದೇ ನವಿರು ಗರಿ ಮೂಡುತ್ತದೆ. ನೂರಿಪ್ಪತ್ತು ವರ್ಷಗಳ ಹಿಂದೆ ಐರೋಪ್ಯ ಹೆಂಗಸರ ಟೋಪಿಗೆ ಸಿಕ್ಕಿಸಲೆಂದು ಆ ಗರಿಗಾಗಿಯೇ ಬೆಳ್ಳಕ್ಕಿಗಳನ್ನು ಗೂಡಿನಲ್ಲೇ ಕೊಲ್ಲುತ್ತಿದ್ದರು. 1902ರಲ್ಲಿ ಸರ್ಕಾರ ಭಾರತದಿಂದ ಗರಿ ರಫ್ತನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ, 1889ರಲ್ಲಿ, ಈ ಶೋಕಿಯ ವಿರುದ್ಧ ಸಂಘ ಕಟ್ಟಿದವರೂ ಹೆಂಗಸರೇ.

ಅದೇ ಇಂಗ್ಲೆಂಡಿನಲ್ಲಿ 1928ರಿಂದ ಸ್ವಯಂಸೇವಕರು ಬೂದು ಬಕದ ಗೂಡುಗಳನ್ನು ಎಣಿಸುತ್ತ ಬಂದಿದ್ದಾರೆ. 1962–63ರ ಭೀಕರ ಚಳಿಯ ನಂತರ ಗೂಡುಗಳು ಅರ್ಧದಷ್ಟಕ್ಕೆ ಇಳಿದವು, ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡವು. ಹಳೆಯ ಪುಟಗಳು ಇದ್ದುದರಿಂದಲೇ ಅದು ತಾತ್ಕಾಲಿಕ ಪೆಟ್ಟು ಎಂದು ಗೊತ್ತಾಯಿತು.

ನಮ್ಮಲ್ಲಿ ಗೂಡುಗಳ ಮೇಲೆ ಕಣ್ಣಿಡುವ ಕೆಲಸವನ್ನು ಊರಿನ ಮಟ್ಟಕ್ಕಿಳಿಸಿದ ಕೀರ್ತಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಸಲ್ಲಬೇಕು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅಲ್ಲಿನ ಹಕ್ಕಿಕೇರಿಯನ್ನು ಹೊರಜಗತ್ತಿಗೆ ತೋರಿಸಿದರು. ತೊಂಬತ್ತರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಹಳ್ಳಿಗರ ಜತೆ ನಿಂತರು, ಊರಿನ ಯುವಕರ 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಹೆಜ್ಜಾರ್ಲೆ ಎಂದರೆ ಪೆಲಿಕನ್. ಮನೆಯಂಗಳದ ಹುಣಸೆಮರದಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ತಿನ್ನಿಸಿ ಹಾರಲು ಬಿಡುವುದು ಅವರ ಕೆಲಸ. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂಬ ಮಾತು ಅಲ್ಲಿ ಬಳಕೆಯಲ್ಲಿದೆ. ಆದರೆ ತವರಿಗೂ ಖರ್ಚಿದೆ: ಹಿಕ್ಕೆಯಿಂದ ಹುಣಸೆ ಫಸಲು ಕೆಡುತ್ತದೆ, ಅದಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. 2017ರ ಕೊನೆಗೆ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸಾಯತೊಡಗಿದವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡುಹುಳು. ಇಂಥದ್ದನ್ನು ಮೊದಲು ಗಮನಿಸುವುದು ದಿನಾ ಆ ಮರದ ಕೆಳಗೆ ಓಡಾಡುವವರೇ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲೂ ಬಣ್ಣದ ಕೊಕ್ಕರೆಗಳಿಗೆ ಊರವರೇ ಕಾವಲು.

ಮತ್ತೆ ಮಂಡಗದ್ದೆಗೆ ಬರೋಣ. ಹೊಳೆಯ ಕೆಳಗೆ ಗಾಜನೂರಿನಲ್ಲಿ ಹಳೆಯ ಕಟ್ಟೆಯ ಪಕ್ಕ ತುಂಗಾ ಮೇಲ್ದಂಡೆಯ ಎತ್ತರದ ಅಣೆಕಟ್ಟೆ ಎದ್ದಾಗ, ಹಿನ್ನೀರಿನಲ್ಲಿ ಹೆಚ್ಚುಕಾಲ ನಿಂತು ನಡುಗಡ್ಡೆಯ ಮರಗಳು ಸತ್ತಾವೆಂಬ ಆತಂಕ ಎದ್ದಿತು. "ಮುಂಚೆ ಮರವೇ ಕಾಣ್ತಿರ್ಲಿಲ್ಲ, ಬರೀ ಬಿಳಿ" ಎಂದು ಹಿರಿಯರು ಹೇಳುತ್ತಾರೆ. "ಈಗೇನು ಕಮ್ಮಿಯಾಗಿದೆ?" ಎಂದು ಇನ್ನೊಬ್ಬರು ಜಗಳಕ್ಕೆ ಬರುತ್ತಾರೆ. ಇಬ್ಬರೂ ನೆನಪಿನಿಂದ ಮಾತಾಡುವವರು. ಇಂಥ ಜಗಳ ಬಗೆಹರಿಯಲು ಒಂದೇ ಜಾಗದಲ್ಲಿ ನಿಂತು ಇಪ್ಪತ್ತು ಮಳೆಗಾಲ ಬರೆದ ಪೆನ್ಸಿಲ್ ಲೆಕ್ಕ ಬೇಕು. ಅದನ್ನು ಬೆಂಗಳೂರಿನಿಂದ ಕ್ಯಾಮೆರಾ ಹೊತ್ತು ಬರುವವರು ಮಾಡಲಾರರು. ಬಸ್ ಚಾರ್ಜು ಕೊಟ್ಟು ನಕ್ಷತ್ರಕ್ಕೊಮ್ಮೆ ಬರಬಲ್ಲ ತೀರ್ಥಹಳ್ಳಿ, ಕೋಣಂದೂರಿನವರು ಮಾಡಬಲ್ಲರು.

ಸಂಜೆ ಐದೂವರೆಯಾದ ಮೇಲೆ ಲೆಕ್ಕ ಕೈಗೆ ಸಿಗುವುದಿಲ್ಲ. ಬೆಳ್ಳಕ್ಕಿಗಳು ಗದ್ದೆಗಳಿಂದ ಸಾಲುಸಾಲಾಗಿ ಬಂದಿಳಿಯುತ್ತವೆ, ಇರುಳು ಬಕಗಳು ಕ್ವಾಕ್ ಎನ್ನುತ್ತ ತಮ್ಮ ಪಾಳಿಗೆ ಹೊರಡುತ್ತವೆ. ಹೋದ ಮಳೆಗಾಲ, ಆರಿದ್ರೆಯಲ್ಲಿ, ಪುಸ್ತಕ ಮಡಚಿ ರಸ್ತೆಗೆ ಬಂದಾಗ ಬಸ್ಸಿಗೆ ಕಾಯುತ್ತಿದ್ದವರೊಬ್ಬರು, "ಎಷ್ಟಾಯ್ತು?" ಎಂದರು. ನನ್ನದೊಂದು ಸಂಖ್ಯೆ, ಜತೆಗಾರರದೊಂದು. ಎರಡನ್ನೂ ಓದಿದೆ.

"ಯಾವುದು ಸರಿ ಹಂಗಾದ್ರೆ?"

"ಪುನರ್ವಸುವಿಗೆ ಮತ್ತೆ ಬರ್ತೀವಿ. ನೀವೂ ಬನ್ನಿ, ಮೂರನೇ ಲೆಕ್ಕ ಆಗ್ತದೆ."