ಕೊಲ್ಹಾರದ ಸೇತುವೆ ದಾಟಿದ ಮೇಲೆ

ನಮ್ಮೂರು ಯಂಕಂಚಿಯಲ್ಲಿ ಬೆಳೆದು, ಸಿಂದಗಿಯಲ್ಲಿ ಬಿ.ಎ., ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸಿದ ಮಕ್ಕಳ ಮುಂದೆ ಒಂದೇ ರಸ್ತೆ ಎರಡು ದಿಕ್ಕಿಗೆ ಚಾಚಿಕೊಂಡಿದೆ. ಹಿಂದೆ ಇದನ್ನು 218ನೇ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದರು. ಮೂಡಣಕ್ಕೆ ಹೋದರೆ ಜೇವರ್ಗಿಯ ಮೇಲೆ ಹಾಯ್ದು ಕಲಬುರಗಿ. ಪಡುವಣಕ್ಕೆ ಹೋದರೆ ವಿಜಯಪುರ, ಅಲ್ಲಿಂದ ಕೊಲ್ಹಾರದ ಬಳಿ ಕೃಷ್ಣೆ, ಮುಂದೆ ಘಟಪ್ರಭೆ, ಮಲಪ್ರಭೆ ದಾಟಿ ಹುಬ್ಬಳ್ಳಿ, ಧಾರವಾಡ. ನಮ್ಮ ಭಾಗದ ಎರಡು ಮೂರು ತಲೆಮಾರು ಈ ಪಡುವಣದ ಬಸ್ಸನ್ನೇ ಹತ್ತಿದೆ. ಈ ವರ್ಷ ಹತ್ತುವವರಿಗಾಗಿ, ಆ ರಸ್ತೆಯ ತುದಿಯಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯವನ್ನು ಪರಿಚಯಿಸುವ ಬರಹ ಇದು.

ಸ್ವಾತಂತ್ರ್ಯ ಬಂದಾಗ ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಇಲ್ಲಿಯ ಕಾಲೇಜುಗಳಿಗೆ ಮುಂಬಯಿಯೇ ವಿಶ್ವವಿದ್ಯಾಲಯ. ಕನ್ನಡ ಜಿಲ್ಲೆಗಳಿಗೆ ತಮ್ಮದೇ ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆ ಫಲಿಸಿದ್ದು 1949ರಲ್ಲಿ. ಮುಂಬಯಿಯಲ್ಲೇ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. ಆರ್.ಎ. ಜಾಗೀರದಾರ ಮೊದಲ ಕುಲಪತಿ. ಆದರೆ ಇಂದು ನಾವು ನೋಡುವ ಆವರಣ ಎದ್ದದ್ದು ಡಿ.ಸಿ. ಪಾವಟೆಯವರ ಕಾಲದಲ್ಲಿ. ಗೋಕಾಕ ತಾಲ್ಲೂಕಿನ ಮಮದಾಪುರದ ಹುಡುಗ ಕೇಂಬ್ರಿಜಿಗೆ ಹೋಗಿ ಗಣಿತ ಓದಿ ಬಂದು, 1954ರಿಂದ 1967ರವರೆಗೆ ಕುಲಪತಿಯಾಗಿ, ಊರಾಚೆಯ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಕಟ್ಟಡ ಏಳಿಸಿದರು. ಆ ಬಡಾವಣೆಗೆ ಪಾವಟೆ ನಗರ ಎಂದೇ ಹೆಸರು.

ನಮ್ಮ ಕಡೆಯವರು ಮರೆಯಬಾರದ ಇನ್ನೊಂದು ಹೆಸರಿದೆ. ಸಿಂದಗಿ ತಾಲ್ಲೂಕಿನ ಯರಗಲ್ಲಿನ ಎಂ.ಎಂ. ಕಲಬುರ್ಗಿ ಸಿಂದಗಿಯಲ್ಲಿ ಶಾಲೆ, ವಿಜಯಪುರದಲ್ಲಿ ಕಾಲೇಜು ಮುಗಿಸಿ ಧಾರವಾಡಕ್ಕೆ ಹೋದರು. 1962ರಲ್ಲಿ ಅಲ್ಲಿ ಎಂ.ಎ. ಮಾಡಿ, ಮುಂದೆ ಅದೇ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಲ್ಲಿ ಪ್ರಾಧ್ಯಾಪಕರಾದರು. ಶಾಸನ, ಹಸ್ತಪ್ರತಿ, ವಚನಗಳ ಬಗ್ಗೆ ಅವರು ಬರೆದ ಸಂಶೋಧನ ಲೇಖನಗಳು ‘ಮಾರ್ಗ’ದ ಸಂಪುಟಗಳಾಗಿ ಬಂದವು, ನಾಲ್ಕನೆಯದಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ಯಂಕಂಚಿಯ ಮಕ್ಕಳಿಗೆ ‘ಅದು ದೊಡ್ಡೂರಿನವರ ಜಾಗ, ನಮಗ ಆಗೂದಲ್ಲ’ ಎಂದು ಯಾರಾದರೂ ಅಂದರೆ ನಾನು ಈ ಹೆಸರನ್ನೇ ಹೇಳುತ್ತೇನೆ. ಎರೆಮಣ್ಣಿನ ಹೊಲಗಳ ನಡುವೆ ಬೆಳೆದವರು ಅಲ್ಲಿ ಬರೀ ಓದಲಿಲ್ಲ, ಓದಿಸಿದರು.

ಆದರೆ ಕಲಬುರ್ಗಿಯವರ ಕಾಲಕ್ಕೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅದು ತಿಳಿಯದೆ ಪ್ರತಿವರ್ಷ ಮಕ್ಕಳು ತೊಂದರೆಗೆ ಸಿಗುತ್ತಾರೆ. ಆಗ ವಿಜಯಪುರದ ಕಾಲೇಜುಗಳು ಧಾರವಾಡದ ಅಡಿಯಲ್ಲಿದ್ದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಾಗ ಅವು ಅತ್ತ ಹೋದವು. ಮಹಿಳಾ ಕಾಲೇಜುಗಳು ಅದಕ್ಕೂ ಮೊದಲೇ, 2003ರಲ್ಲಿ ವಿಜಯಪುರದಲ್ಲಿ ಶುರುವಾದ ಮಹಿಳಾ ವಿಶ್ವವಿದ್ಯಾಲಯದ ಅಡಿಗೆ ಬಂದಿದ್ದವು. ಈಗ ಅದರ ಹೆಸರು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಹಾಗಾಗಿ ಸಿಂದಗಿಯಲ್ಲಿ ಪದವಿ ಪಡೆದವರು ಧಾರವಾಡದ ಲೆಕ್ಕದಲ್ಲಿ ‘ಬೇರೆ ವಿಶ್ವವಿದ್ಯಾಲಯದವರು’. ಪ್ರವೇಶ ಪ್ರಕಟಣೆಯಲ್ಲಿ ಅಂಥವರಿಗೆ ಏನು ನಿಯಮ ಎಂಬುದನ್ನು ಮೊದಲು ಓದಬೇಕು. ಬೇರೆ ವಿಶ್ವವಿದ್ಯಾಲಯ ಸೇರಲು ಬೇಕಾದ ಮೈಗ್ರೇಶನ್ ಸರ್ಟಿಫಿಕೇಟಿಗೆ ತಾವು ಓದಿದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಫಲಿತಾಂಶ ಬಂದ ವಾರದಲ್ಲೇ ಹಾಕಿ. ಪ್ರವೇಶದ ದಿನ ಕಿಟಕಿಯ ಮುಂದೆ ನಿಂತು ‘ಅದೇನ್ರಿ ಸರ?’ ಎಂದು ಕೇಳುವ ಸ್ಥಿತಿ ಬರಬಾರದು.

ಇನ್ನೊಂದು ಗೊಂದಲ ನಮ್ಮ ಜಿಲ್ಲೆಗೇ ವಿಶೇಷವಾದದ್ದು. ಊರಿಗೆ ಬರುವ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದಿರುತ್ತದೆ, ಏಕೆಂದರೆ ವಿಜಯಪುರ ವಿಭಾಗ ಆ ಸಾರಿಗೆ ನಿಗಮದಲ್ಲಿದೆ. ಆದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ ಸಂವಿಧಾನದ 371(ಜೆ) ಕಲಮಿನ ಮೀಸಲಾತಿ ವಿಜಯಪುರ ಜಿಲ್ಲೆಗೆ ಇಲ್ಲ. ಪಕ್ಕದ ಜೇವರ್ಗಿ, ಅಫಜಲಪುರ ತಾಲ್ಲೂಕಿನ ಗೆಳೆಯರಿಗೆ ಅದು ಸಿಗುತ್ತದೆ, ನಿಮಗೆ ಸಿಗದು. ಅರ್ಜಿಯಲ್ಲಿ ಆ ಚೌಕಕ್ಕೆ ಗುರುತು ಹಾಕಿ, ಪ್ರಮಾಣಪತ್ರ ತರಲಾಗದೆ ಸೀಟು ಕಳೆದುಕೊಳ್ಳುವ ಅಪಾಯವಿದೆ. ಹಾಗೆಂದು ಕಲಬುರಗಿಯ ದಾರಿ ಮುಚ್ಚಿದೆ ಅಂತಲ್ಲ. 1980ರಲ್ಲಿ ಆದ ಗುಲಬರ್ಗಾ ವಿಶ್ವವಿದ್ಯಾಲಯ ಅಲ್ಲಿದೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅದರ ಪ್ರವೇಶ ರಾಷ್ಟ್ರಮಟ್ಟದ ಪರೀಕ್ಷೆಯ ಮೇಲೆ. ಹೆಣ್ಣುಮಕ್ಕಳಿಗೆ ವಿಜಯಪುರದ ತೊರವಿಯಲ್ಲೇ ಮಹಿಳಾ ವಿಶ್ವವಿದ್ಯಾಲಯದ ದೊಡ್ಡ ಆವರಣವಿದೆ. ಆದರೆ ‘ಹತ್ತಿರ ಐತಿ’ ಎಂಬ ಒಂದೇ ಕಾರಣಕ್ಕೆ ಮಗಳನ್ನು ಅಲ್ಲಿಗೆ ಕಳಿಸುವುದು ಸರಿಯಲ್ಲ. ಅವಳು ಓದಬೇಕೆಂದ ವಿಷಯ ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಹೋಗಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾದಾ ಬಸ್ಸಿಗೆ ಅವಳು ಟಿಕೆಟಿನ ದುಡ್ಡು ಕೊಡಬೇಕಾಗಿಲ್ಲ, ಧಾರವಾಡದವರೆಗೂ. ಹುಬ್ಬಳ್ಳಿ–ಧಾರವಾಡದ ನಡುವಿನ ಹವಾನಿಯಂತ್ರಿತ ಚಿಗರಿ ಬಸ್ಸಿಗೆ ಮಾತ್ರ ಅದು ನಡೆಯದು, ಸಾದಾ ಬಸ್ಸು ನೋಡಿ ಹತ್ತಬೇಕು.

ಈಗ ಕಾಗದಪತ್ರಗಳ ಮಾತು. ಬೇಸರದ ವಿಷಯ ಹೌದು, ಆದರೆ ಜಾಣ ಮಕ್ಕಳೂ ಸೋಲುವುದು ಇಲ್ಲೇ. ನಮ್ಮ ಮನೆಗಳಲ್ಲಿ ಎಲ್ಲ ಕಾಗದ ಟ್ರಂಕಿನ ತಳದಲ್ಲಿ, ಹೊಲದ ಉತಾರದ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತವೆ. ಹೊರಡುವ ಮುನ್ನ ಒಂದು ಮಧ್ಯಾಹ್ನ ಅದನ್ನು ತೆಗೆದು, ಅಂಗಳದಲ್ಲಿ ಹರಡಿಕೊಂಡು, ಪ್ರತಿಯೊಂದರಲ್ಲೂ ನಿಮ್ಮ ಹೆಸರನ್ನು ಓದಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಲ್ಲಿಕಾರ್ಜುನ, ಆಧಾರದಲ್ಲಿ ಮಲ್ಲಪ್ಪ, ಬ್ಯಾಂಕಿನ ಪುಸ್ತಕದಲ್ಲಿ ಅಡ್ಡಹೆಸರು ಮುಂದೆ. ಊರಲ್ಲಿ ಮೂವರೂ ಒಬ್ಬನೇ ಎಂದು ಎಲ್ಲರಿಗೂ ಗೊತ್ತು. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲಿಗೆ ಗೊತ್ತಿಲ್ಲ. ಅದು ಆಧಾರದ ಹೆಸರು ನೋಡುತ್ತದೆ, ನಾಡಕಚೇರಿ ಕೊಟ್ಟ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ, ಆಧಾರ ಜೋಡಣೆಯಾದ ಖಾತೆಗೆ ಮಾತ್ರ ಹಣ ಹಾಕುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಪಿಯುಸಿ ಸೇರುವಾಗ ಮಾಡಿಸಿದ್ದು ಎಂ.ಎ. ಸೇರುವ ಹೊತ್ತಿಗೆ ಸರಿಯಾಗಿ ಮುಗಿದಿರುತ್ತದೆ. ಸಿಂದಗಿಯಲ್ಲಿ ಇರುವಾಗಲೇ ಹೊಸದು ಮಾಡಿಸಿಕೊಳ್ಳಿ. ಧಾರವಾಡದಿಂದ ಅದೊಂದಕ್ಕಾಗಿ ಬಂದು ಹೋಗಲು ಎರಡು ದಿನ ಬೇಕು.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದಾಗ ಊಟ–ವಸತಿಗೆ ನೆರವಾಗುವ ವಿದ್ಯಾಸಿರಿ ಇದೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ಹುಡುಗನಿಗೆ ವರ್ಷಕ್ಕೆ 10,000, ಹುಡುಗಿಗೆ 11,000 ರೂಪಾಯಿ ಎಂದು ನಿಗದಿಯಾಯಿತು. ಇದಕ್ಕೆ ಅಪ್ಪನ ಹೆಸರಿಗೆ ಕೃಷಿ ಇಲಾಖೆಯ ಎಫ್‌ಐಡಿ ನಂಬರ್ ಇರಬೇಕು. ರೈತ ಸಂಪರ್ಕ ಕೇಂದ್ರಕ್ಕೆ ಅಪ್ಪನನ್ನು ಒಂದು ಸಲ ಕರೆದುಕೊಂಡು ಹೋಗಿ ವಿಚಾರಿಸಿ. ಯಾವ ಯೋಜನೆಗೆ ಆ ವರ್ಷ ಅರ್ಜಿ ಕರೆದಿದ್ದಾರೆ, ಕೊನೆಯ ದಿನ ಯಾವುದು ಎಂದು ವಿಭಾಗದ ನೋಟೀಸ್ ಬೋರ್ಡಿನಲ್ಲಿ ನೋಡುತ್ತಿರಿ. ವಾಟ್ಸಾಪಿನಲ್ಲಿ ಬಂದ ಫೋಟೊ ನಂಬಬೇಡಿ. ಹೋದ ವರ್ಷದ್ದು ಈ ವರ್ಷ ತಿರುಗುತ್ತಿರುತ್ತದೆ.

ಧಾರವಾಡದ ಮಳೆ ನಮ್ಮ ಮಳೆಯಲ್ಲ. ನಮ್ಮಲ್ಲಿ ಮೋಡ ಕಟ್ಟಿ, ಗುಡುಗಿ, ಒಂದು ತಾಸು ಸುರಿದು ಬಿಟ್ಟರೆ ಮುಗಿಯಿತು, ತೊಗರಿಗೆ ಸಾಕೋ ಬೇಕೋ ಎಂಬ ಮಾತು ಶುರು. ಅಲ್ಲಿ ಮಲೆನಾಡಿನ ಅಂಚು. ಜೂನ್ ಕೊನೆಯಿಂದ ಜಿಟಿಜಿಟಿ ಹಿಡಿದರೆ ಬಟ್ಟೆ ಒಣಗುವುದಿಲ್ಲ, ರೊಟ್ಟಿಯೂ ಮೆತ್ತಗಾಗುತ್ತದೆ. ಕೊಡೆ, ಒಂದು ಸ್ವೆಟರ್, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಜೊತೆಗಿರಲಿ.

ರೊಟ್ಟಿಯ ಮಾತು ಬಂತು. ಹಿಂದೆ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಊರಲ್ಲಿ ಅವ್ವ ನಸುಕಿನಲ್ಲೆದ್ದು ಬಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕಾಳುಪಲ್ಲೆ, ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ, ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಕಾಯುತ್ತಿದ್ದರು. ಆ ಬಟ್ಟೆ ಬಿಚ್ಚಿದಾಗ ಬರುವ ಜೋಳದ ವಾಸನೆಗೆ ಕೋಣೆಯ ನಾಲ್ವರೂ ಸುತ್ತ ಕೂಡುತ್ತಿದ್ದರು. ಯಾರ ಬುತ್ತಿ ಎಂಬ ಲೆಕ್ಕ ಇರಲಿಲ್ಲ. ಈಗ ಧಾರವಾಡದ ಸಪ್ತಾಪುರದ ಸುತ್ತ ಖಾನಾವಳಿಗಳಿವೆ, ಜೋಳದ ರೊಟ್ಟಿ ಸಿಗುತ್ತದೆ. ತಿಂಗಳ ಹಣ ಮೊದಲೇ ಕೊಟ್ಟರೆ ರಸೀದಿ ಬರೆಸಿಕೊಳ್ಳಿ. ಕೋಣೆ ಹಿಡಿಯುವ ಮುಂಚೆ ವಿಶ್ವವಿದ್ಯಾಲಯದ ಹಾಸ್ಟೆಲ್ಲು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲು, ಎಲ್ಲಕ್ಕೂ ಅರ್ಜಿ ಹಾಕಿ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಎರಡನೆಯದಕ್ಕೆ ಕಾಯಿರಿ.

ಆವರಣದೊಳಗೆ ಕಾಲಿಟ್ಟ ಮೊದಲ ವಾರ ಎರಡು ಜಾಗ ನೋಡಿಬಿಡಿ. ಒಂದು, ಪ್ರೊ. ಎಸ್.ಎಸ್. ಬಸವನಾಳ ಅವರ ಹೆಸರಿನ ಗ್ರಂಥಾಲಯ. ಕಾರ್ಡು ಮಾಡಿಸಿಕೊಳ್ಳುವುದನ್ನು ಪರೀಕ್ಷೆ ಬರುವವರೆಗೆ ತಳ್ಳಬೇಡಿ. ಎರಡನೆಯದು ಕನ್ನಡ ಸಂಶೋಧನ ಸಂಸ್ಥೆ. ವಿಶ್ವವಿದ್ಯಾಲಯಕ್ಕಿಂತ ಹತ್ತು ವರ್ಷ ಹಿರಿಯದು, 1939ರಲ್ಲಿ ಆದದ್ದು. ತಾಳೆಗರಿ, ಶಾಸನ, ವೀರಗಲ್ಲುಗಳನ್ನು ಅಲ್ಲಿ ಕೂಡಿಹಾಕಿದ್ದಾರೆ. ನೀವು ರಸಾಯನಶಾಸ್ತ್ರ ಓದುವವರಾದರೂ ಒಮ್ಮೆ ಹೋಗಿ. ನಮ್ಮೂರಿನ ಹನುಮಪ್ಪನ ಗುಡಿಯ ಮುಂದೆ ಸುಣ್ಣ ಬಳಿದು ನಿಲ್ಲಿಸಿದಂಥ ಕಲ್ಲುಗಳೇ ಅಲ್ಲಿ ಅಕ್ಷರ ಕಾಣುವಂತೆ ನಿಂತಿವೆ.

ತರಗತಿಯ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ನಮ್ಮ ಹುಡುಗರು ಹಿಂದಿನ ಬೆಂಚಿಗೆ ಹೋಗುತ್ತಾರೆ. ಇಂಗ್ಲಿಷ್ ಬರುವುದಿಲ್ಲ, ಮಾತು ‘ಹಳ್ಳಿ ಮಾತು’ ಎಂಬ ಅಂಜಿಕೆ. ಈ ಅಂಜಿಕೆಯಿಂದ ನಾನೂ ಒಂದು ವರ್ಷ ಕಳೆದುಕೊಂಡೆ. ಒಂದು ಕಚೇರಿಯ ಕಿಟಕಿಯಲ್ಲಿ ‘ನಾಳೆ ಬಾ’ ಅಂದರು, ಮರುದಿನ ‘ಸಾಹೇಬ್ರಿಲ್ಲ’ ಅಂದರು, ಮೂರನೆಯ ದಿನ ನಾನೇ ಹೋಗಲಿಲ್ಲ. ಆ ವರ್ಷದ ವಿದ್ಯಾರ್ಥಿವೇತನ ಹೋಯಿತು. ನನ್ನ ಜೊತೆಯೇ ಅರ್ಜಿ ಹಾಕಿದ್ದ ಮುದ್ದೇಬಿಹಾಳದ ಗೆಳತಿ ಐದನೆಯ ದಿನವೂ ಹೋಗಿ, ‘ಸರ್ರ, ಯಾಕ ಆಗಿಲ್ಲ ಅಂತ ಬರದ ಕೊಡ್ರಿ’ ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬರೆದು ಕೊಡುವ ಬದಲು ಅವರು ಕೆಲಸವನ್ನೇ ಮಾಡಿಕೊಟ್ಟರು. ಅಂದಿನಿಂದ ಅವಳ ದಾರಿಯೇ ನನ್ನದೂ. ಅರ್ಜಿಯ ಎರಡನೇ ಪ್ರತಿ ಇಟ್ಟುಕೊಳ್ಳುವುದು, ಅದರ ಮೇಲೆ ಸ್ವೀಕೃತಿಯ ಸಿಕ್ಕೆ ಹಾಕಿಸುವುದು, ಚಲನ್ನು ಜೋಪಾನ ಮಾಡುವುದು. ಕೆಲಸ ಆಗದಿದ್ದರೆ ವಿಭಾಗದ ಮುಖ್ಯಸ್ಥರು, ಅಲ್ಲೂ ಆಗದಿದ್ದರೆ ಕುಲಸಚಿವರ ಕಚೇರಿ. ಸರಕಾರಿ ವಿಶ್ವವಿದ್ಯಾಲಯ ನಡೆಯುವುದು ನಮ್ಮ ಅಪ್ಪ–ಅವ್ವ ಬೆಂಕಿಪೊಟ್ಟಣ ಕೊಂಡಾಗಲೂ ಕೊಡುವ ತೆರಿಗೆಯ ಮೇಲೆ. ಅಲ್ಲಿ ಕೇಳುವುದು ಉಪಕಾರ ಬೇಡುವುದಲ್ಲ.

ಮೇಷ್ಟ್ರ ಹತ್ತಿರವೂ ಹಾಗೆಯೇ. ಪಾಠ ಮುಗಿದ ಮೇಲೆ ಅವರ ಕೋಣೆಗೆ ಹೋಗಿ, ಅರ್ಥವಾಗದ್ದನ್ನು ನಿಮ್ಮ ಮಾತಿನಲ್ಲೇ ಕೇಳಿ. ಹಾಜರಿ ಶೇಕಡಾ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ತೊಡಕು. ಊರ ಜಾತ್ರೆಗೆ ಬನ್ನಿ, ಬಿತ್ತನೆಗೆ ಒಂದು ವಾರ ಬೇಕಾದರೆ ಬನ್ನಿ. ಆದರೆ ಮೊದಲು ಹೇಳಿ, ರಜೆಯ ಅರ್ಜಿ ಕೊಟ್ಟು ಬನ್ನಿ.

ಯಂಕಂಚಿಯಲ್ಲಿ ಈಗಾಗಲೇ ಧಾರವಾಡದಲ್ಲಿ ಓದಿ ಬಂದವರಿಗೆ ಒಂದು ವಿನಂತಿ. ಪದವಿಯ ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಊರ ಶಾಲೆಯ ಅಂಗಳದಲ್ಲಿ ಕುಳಿತುಕೊಳ್ಳಿ. ಈ ವರ್ಷ ಹೊರಡುವ ಮಕ್ಕಳು ತಮ್ಮ ಕಾಗದದ ಚೀಲ ತರಲಿ, ಅವರ ಅಪ್ಪ–ಅವ್ವನೂ ಬರಲಿ. ಪ್ರತಿಯೊಂದರಲ್ಲೂ ಹೆಸರು ಸರಿಯಿದೆಯೇ ಎಂದು ನೀವೇ ಓದಿ ನೋಡಿ, ನಿಮ್ಮ ಫೋನ್ ನಂಬರ್ ಬರೆದು ಕೊಡಿ.